ಗೋಡೆಗೆ ತೂಗುಹಾಕಿದ ಉಯಿಲು

ನಮ್ಮ ಚಿಕ್ಕಪ್ಪನ ಉಯಿಲು ಓದಲು ಯಾರೂ ಪೆಟ್ಟಿಗೆಯ ಬೀಗ ತೆಗೆಯಬೇಕಾಗಿರಲಿಲ್ಲ. ಅವರ ಅಂಗಡಿಯೊಳಗೆ ಕಾಲಿಟ್ಟು ತಲೆ ಎತ್ತಿದರೆ ಸಾಕಿತ್ತು. ಗಡಿಯಾರದ ಪಕ್ಕದಲ್ಲಿ, ಕಪ್ಪು ಪಟ್ಟಿಯ ಚೌಕಟ್ಟಿನೊಳಗೆ, ಗಾಜಿನ ಹಿಂದೆ ಅದು ತೂಗುತ್ತಿತ್ತು. ಫೋಟೋಗೆ ಕಟ್ಟು ಹಾಕಿಸಲು ಬಂದವರು ಕಾಯುವ ಹೊತ್ತಿನಲ್ಲಿ ಅದನ್ನೇ ಓದುತ್ತಿದ್ದರು. ಕೆಲವರು ಪಕ್ಕದವರಿಗೂ ಕೇಳಲಿ ಎಂದು ಗಟ್ಟಿಯಾಗಿ ಓದುತ್ತಿದ್ದರು.

ಉಯಿಲು ಚಿಕ್ಕದು. 'ನನ್ನ ಕಾಲಾನಂತರ ಈ ಅಂಗಡಿ, ಇದರ ಮೇಲಿನ ಕೋಣೆ, ಒಳಗಿರುವ ಪಟ್ಟಿ, ಗಾಜು, ಉಪಕರಣಗಳೆಲ್ಲ ಗಾಜಕ್ಕನಿಗೆ ಸೇರತಕ್ಕದ್ದು. ನನ್ನ ಅಣ್ಣಂದಿರ ಮಕ್ಕಳಿಗೆ ತಲಾ ಒಂದು ಫ್ರೇಮು. ಫೋಟೋ ಅವರೇ ತರತಕ್ಕದ್ದು. ಮನೆಗೆ ಒಯ್ಯುವಾಗ ಗಾಜು ಒಡೆದರೆ ಅಂಗಡಿ ಜವಾಬ್ದಾರಿಯಲ್ಲ.' ಕೆಳಗೆ ಅವರ ಸಹಿ. ಗಾಜಕ್ಕ ಅಂದರೆ ಅಂಗಡಿಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದವಳು.

ಆ ಅಣ್ಣಂದಿರ ಮಕ್ಕಳಲ್ಲಿ ನಾನೂ ಒಬ್ಬಳು. ಮೊದಲ ಸಲ ಓದಿದಾಗ ನನಗೆ ನಗು ಬಂತು, ಆಮೇಲೆ ಸ್ವಲ್ಪ ಉರಿಯಿತು ಕೂಡ. ಮದುವೆ ಮಕ್ಕಳು ಅಂತ ಯಾವ ರಗಳೆಯನ್ನೂ ಮೈಮೇಲೆ ಎಳೆದುಕೊಳ್ಳದ ಚಿಕ್ಕಪ್ಪ ನಮ್ಮನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಇಷ್ಟೆಲ್ಲ ಆಗಿ ನಮ್ಮ ಪಾಲಿಗೆ ಒಂದು ಫ್ರೇಮು, ಅದೂ ಒಡೆದರೆ ನಮ್ಮ ಹಣೆಬರಹ!

ಅದನ್ನು ಗೋಡೆಗೆ ಯಾಕೆ ಹಾಕಿದರು ಎಂದು ಕೇಳಿದರೆ ಚಿಕ್ಕಪ್ಪ ಬಾಯಿಂದ ಮೊಳೆ ತೆಗೆದು ಉತ್ತರಿಸುತ್ತಿದ್ದರು. ಅವರು ಮೊಳೆ ತೆಗೆದರೆಂದರೆ ವಿಷಯ ದೊಡ್ಡದು ಎಂದರ್ಥ. ಕಟ್ಟು ಹಾಕುವ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡೇ ಇಡೀ ದಿನ ಕೆಲಸ ಮಾಡುವವರು ಅವರು. ಗಿರಾಕಿಗಳಿಗೆಲ್ಲ ಸಿಗುತ್ತಿದ್ದ ಉತ್ತರ ಬರೀ ಒಂದು 'ಹ್ಞೂ'.

"ಸತ್ತೋರ ಫೋಟೋ ತರ್ತಾರಲ್ಲಮ್ಮ, ಈ ಟೇಬಲ್ ಹತ್ರಾನೇ ಶುರು ಹಚ್ಕೋತಾರೆ. ಚಿನ್ನದ ಬಣ್ಣದ ಪಟ್ಟಿ ಹಾಕ್ಸೋಣ ಅಂತ ಒಬ್ಬ, ಕಪ್ಪು ಸಾಕು ಅಂತ ಇನ್ನೊಬ್ಬ. ಅಲ್ಲಿಂದ ಮನೆ ಯಾರಿಗೆ, ಬಳೆ ಯಾರಿಗೆ. ಸತ್ತೋರು ಪಾಪ, ಫೋಟೋದಲ್ಲಿ ನಗ್ತಾನೇ ಇರ್ತಾರೆ. ನನ್ನ ಜಗಳ ನಾನಿರೋವಾಗ್ಲೇ ಆಗ್ಲಿ. ನಾನೂ ಕೇಳಿಸ್ಕೋತೀನಿ," ಎಂದು ಹೇಳಿ ಮತ್ತೆ ಮೊಳೆ ಕಚ್ಚಿಕೊಳ್ಳುತ್ತಿದ್ದರು.

ಜಗಳವೇನೂ ಆಗಲಿಲ್ಲ. ಚಿಕ್ಕಪ್ಪ ಎದುರಿಗೆ ಗುಂಡುಕಲ್ಲಿನ ಹಾಗೆ ಕೂತಿರುವಾಗ ಯಾರಿಗೆ ತಾನೇ ಬಾಯಿ ಬರುತ್ತದೆ?

ಗಾಜಕ್ಕ ಅಂಗಡಿಗೆ ಬಂದದ್ದೂ ಗಿರಾಕಿಯಾಗಿಯೇ. ತಾಯಿಯ ಫೋಟೋಗೆ ಕಟ್ಟು ಹಾಕಿಸಲು ಬಂದಿದ್ದಳು. ಚಿಕ್ಕಪ್ಪ ಗಾಜು ಒರೆಸಿ ಕೊಟ್ಟರೆ ಅದರ ಮೂಲೆಯಲ್ಲಿ ಬೆರಳಿನ ಗುರುತು. ಆಕೆ ಅವರ ಕೈಯಿಂದ ಬಟ್ಟೆ ಕಿತ್ತುಕೊಂಡು ತಾನೇ ಒರೆಸಿದಳು. ಪಕ್ಕದಲ್ಲಿದ್ದ ಫ್ರೇಮಿನ ಮೇಲೂ ಗುರುತು ಕಂಡಿತು, ಅದನ್ನೂ ಒರೆಸಿದಳು. ಹಾಗೇ ಗೋಡೆಯುದ್ದಕ್ಕೂ ಒರೆಸುತ್ತ ಹೋಗಿ, ವರ್ಷಗಟ್ಟಲೆಯಿಂದ ಯಾರೂ ಬಿಡಿಸಿಕೊಂಡು ಹೋಗದೆ ಅಲ್ಲೇ ಉಳಿದಿದ್ದ ಅಪರಿಚಿತ ಅಜ್ಜ ಅಜ್ಜಿಯರ ಮುಖಗಳನ್ನೂ ಬಿಡಲಿಲ್ಲ. ಕೊನೆಗೆ, "ನಾಳೆ ಬಂದು ಆ ಕಡೆ ಗೋಡೆ ಮಾಡ್ಲಾ?" ಎಂದು ಕೇಳಿದಳು. ಚಿಕ್ಕಪ್ಪನ ಬಾಯಲ್ಲಿ ಮೊಳೆ. 'ಹ್ಞೂ' ಎಂದರು. ಅದನ್ನು ಆಕೆ ಕೆಲಸ ಸಿಕ್ಕಿತೆಂದು ತಿಳಿದಳು. ಅವರು ಏನೆಂದು ತಿಳಿದು 'ಹ್ಞೂ' ಅಂದಿದ್ದರೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಆಮೇಲೆ ಗಾಜು ಕೊಯ್ಯುವುದು, ಪಟ್ಟಿಯ ಮೂಲೆ ಸೇರಿಸುವುದು, ಹಿಂಬದಿಗೆ ಕಂದು ಕಾಗದ ಎಳೆದು ಕಟ್ಟುವುದು, ಎಲ್ಲ ಕಲಿತಳು. ಅದಕ್ಕಿಂತ ಹೆಚ್ಚಾಗಿ 'ಹ್ಞೂ' ಕಲಿತಳು. ಉದ್ದದ ಹ್ಞೂ ಅಂದರೆ ಇನ್ನೊಮ್ಮೆ ಅಳತೆ ತೆಗೆ. ಮೂಗಿನಿಂದ ಬಂದರೆ ಗಿರಾಕಿ ಚೌಕಾಸಿ ಮಾಡುತ್ತಾನೆ, ಹುಷಾರು. ತುಂಡು ಹ್ಞೂ ಅಂದರೆ ಕೈ ತೆಗೆ, ಗಾಜು ಬಿರುಕು ಬಿಡ್ತಾ ಇದೆ. ನಮಗೆ ಎಲ್ಲವೂ ಒಂದೇ ತರಹ ಕೇಳುತ್ತಿತ್ತು. ಆಕೆಗೆ ಅದು ಕನ್ನಡದಷ್ಟೇ ಸಲೀಸು.

ಅವರಿಬ್ಬರ ನಡುವೆ ಒಂದೇ ಒಂದು ತಕರಾರು ಇತ್ತು, ಅಂಟಿನದು. ಚಿಕ್ಕಪ್ಪ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹಿಂದಿನ ಮೂಲೆಯ ಸ್ಟವ್ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದರು. ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ. ಗಂಟಾಗದ ಹಾಗೆ ಕೈ ಬಿಡದೆ ತಿರುವುವುದು, ತಣಿಯುವ ತನಕ ಕಾಯುವುದು. ಗಾಜಕ್ಕನಿಗೆ ಇದೆಲ್ಲ ತಲೆನೋವು.

"ಯಜಮಾನ್ರೇ, ಬಾಟ್ಲಿ ಗಮ್ ಸಿಗತ್ತೆ. ಹಿಂಡಿದ್ರೆ ಬಂತು, ಒತ್ತಿದ್ರೆ ಕಚ್ಕೊಂತು. ಇದೇನು ದಿನಾ ಬೆಳಗಾದ್ರೆ ಮಗೂಗೆ ಗಂಜಿ ಕಾಯ್ಸಿದ ಹಾಗೆ!"

"ಅಂಟಿಸೋದು ಯಾರು ಬೇಕಾದ್ರೂ ಅಂಟಿಸ್ತಾರೆ," ಎನ್ನುತ್ತಿದ್ದರು ಚಿಕ್ಕಪ್ಪ, ಮೊಳೆ ತೆಗೆದು. "ನಾಳೆ ಯಾರಿಗಾದ್ರೂ ಬಿಡಿಸ್ಬೇಕು ಅನ್ಸಿದ್ರೆ? ಬಾಟ್ಲಿ ಗಮ್ಮಲ್ಲಿ ಅಂಟಿದ್ದು ಬಿಡೋದಿಲ್ಲ, ಹರಿಯತ್ತೆ. ಫೋಟೋ ನಮ್ದಲ್ಲ, ಬೇರೆಯೋರ್ದು."

ಗಾಜಕ್ಕ ಕೇಳುವವಳೇ? ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ದಿನ ಬಾಟ್ಲಿ ತಂದೇಬಿಟ್ಟಳು. ರಟ್ಟಿನ ಚೂರುಗಳ ಹಿಂದೆ ಬಚ್ಚಿಟ್ಟು, ಚಿಕ್ಕಪ್ಪ ಊಟಕ್ಕೆ ಮೇಲೆ ಹೋದಾಗ ಹೊರಗೆ ತೆಗೆಯುತ್ತಿದ್ದಳು. ನನ್ನೆದುರು ಅದರ ಗುಣಗಾನ ಬೇರೆ. "ನೋಡಿ ಕಂಪನಿ ಮಾಲು ಅಂದ್ರೆ ಹೀಗಿರ್ಬೇಕು. ಒಂದು ಬಾಟ್ಲಿ ತಂದ್ರೆ ಮುಗಿಯೋದೇ ಇಲ್ಲ. ಒಣಗೋದು ಮಾತ್ರ ಸ್ವಲ್ಪ ನಿಧಾನ. ಮೊದಲು ಹಾಗಿರ್ಲಿಲ್ಲ, ಈಗ ಇವರೂ ಮೋಸ ಶುರು ಮಾಡಿದಾರೆ." ಮುಚ್ಚುಮರೆ ಹೆಚ್ಚು ದಿನ ನಡೆಯಲಿಲ್ಲ. ಚಿಕ್ಕಪ್ಪನ ಕಣ್ಣಿಗೆ ಬಾಟ್ಲಿ ಬಿತ್ತು, ಅವರು ಬೈದರು, ಆಕೆ ಇನ್ನಷ್ಟು ಹಿಂದಕ್ಕೆ ಸರಿಸಿಟ್ಟಳು. ಮತ್ತೆ ಬೈದರು. ಇದು ಆ ಅಂಗಡಿಯ ದಿನಚರಿಯೇ ಆಗಿಹೋಯಿತು.

ಒಂದು ಬೇಸಿಗೆಯಲ್ಲಿ ಚಿಕ್ಕಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಾವೆಲ್ಲ ಮಾತು ಹೋಯಿತಲ್ಲ ಎಂದು ಅಳುತ್ತ ನಿಂತಿದ್ದರೆ ಗಾಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ರೇಗಿದಳು. "ಮೊದ್ಲು ಯಾವಾಗ ಮಾತಾಡ್ತಿದ್ರು ಇವ್ರು? ಆಗ ಬಾಯಲ್ಲಿ ಮೊಳೆ ಇರ್ತಿತ್ತು, ಈಗಿಲ್ಲ, ಅಷ್ಟೇ." ಮಂಚದ ಮೇಲಿಂದ ಒಂದು 'ಹ್ಞೂ' ಬಂತು. ಆಕೆ ಹೋಗಿ ದಿಂಬು ಎತ್ತರಿಸಿದಳು. ಅವರು ಕೇಳಿದ್ದು ಅದನ್ನೇ.

ಮನೆಗೆ ಕರೆತಂದ ಮೇಲೆ ಹಗಲೆಲ್ಲ ಅವರನ್ನು ಅಂಗಡಿಯಲ್ಲೇ ಕೈಯಿರುವ ಕುರ್ಚಿಯ ಮೇಲೆ ಕೂರಿಸುತ್ತಿದ್ದೆವು. ಗಾಜಕ್ಕ ಕೆಲಸ ಮಾಡುತ್ತಿದ್ದಳು, ಅವರು ಕುರ್ಚಿಯಿಂದಲೇ ಹ್ಞೂಗುಟ್ಟುತ್ತಿದ್ದರು. ಹೀಗೆ ಬಂಡಿ ಸಾಗುತ್ತಿರುವಾಗ ಒಬ್ಬರು ವಕೀಲೆ ತಮ್ಮ ಆಫೀಸಿನ ಗುಂಪು ಫೋಟೋಗೆ ಕಟ್ಟು ಹಾಕಿಸಲು ಬಂದರು. ಲಾಯರಮ್ಮ ಎಂದೇ ಬೀದಿಯವರೆಲ್ಲ ಕರೆಯುವುದು. ಕಾಯುತ್ತ ನಿಂತವರು ಎಲ್ಲರ ಹಾಗೆ ತಲೆ ಎತ್ತಿ ಓದಿದರು, ನಕ್ಕರು, ಮತ್ತೊಮ್ಮೆ ಓದಿ ಕೇಳಿದರು, "ಇದಕ್ಕೆ ಸಾಕ್ಷಿಗಳ ಸಹಿ ಎಲ್ಲಿ?"

"ಹಿಂದ್ಗಡೆ ಇದೆ ಮೇಡಂ. ಈ ಕಡೆ ಜಾಗ ಸಾಕಾಗ್ಲಿಲ್ಲ. ಇವರ ಹಿರಿಯಣ್ಣ, ಪಕ್ಕದ ಕಟಿಂಗ್ ಅಂಗಡಿಯೋರು, ಇಬ್ರೂ ಇಲ್ಲೇ ಕೂತು ಹಾಕಿದ್ರು," ಎಂದಳು ಗಾಜಕ್ಕ.

"ಹಿಂದ್ಗಡೆ ಅಂದ್ರೆ, ರಟ್ಟಿಗೆ ಅಂಟಿಸಿರೋ ಕಡೆ?"

ಗಾಜಕ್ಕ ಚಿಕ್ಕಪ್ಪನ ಮುಖ ನೋಡಿದಳು. ಚಿಕ್ಕಪ್ಪ ಉಯಿಲಿನ ಕಡೆ ನೋಡಿದರು.

ಇದು ಕಟ್ಟು ಹಾಕುವವರು ಮಾತ್ರ ಮಾಡಬಹುದಾದ ತಪ್ಪು. ಜೀವಮಾನವಿಡೀ ಆ ಮೇಜಿಗೆ ಬಂದ ಯಾವ ವಸ್ತುವಿಗೂ ಬೆನ್ನು ಎಂಬುದು ಇರಲಿಲ್ಲ, ಮುಖವೊಂದೇ. ಗುಳ್ಳೆ ಏಳದ ಹಾಗೆ ಪೂರ್ತಿ ಅಂಟಿಸುವುದೇ ಒಳ್ಳೆಯ ಕೆಲಸ. ಸಾಕ್ಷಿಗಳು ಸಹಿ ಹಾಕಿ ಎದ್ದುಹೋದ ಮೇಲೆ ಚಿಕ್ಕಪ್ಪ ಹಾಳೆಯನ್ನು ಗಾಜಕ್ಕನ ಕಡೆ ತಳ್ಳಿ ಒಂದು 'ಹ್ಞೂ' ಅಂದಿದ್ದರು. ಆಕೆ ಗುಳ್ಳೆ ಏಳದ ಹಾಗೆ ಅಂಟಿಸಿದ್ದಳು. ಕೆಲಸ ಅಷ್ಟು ಚೊಕ್ಕವಾಗಿತ್ತು!

ಸಹಿ ಹಾಕಿದವರನ್ನು ಕೇಳೋಣವೆಂದರೆ ಆ ಹಿರಿಯಣ್ಣ, ಅಂದರೆ ನಮ್ಮ ದೊಡ್ಡಪ್ಪನೂ ಇಲ್ಲ, ಕಟಿಂಗ್ ಅಂಗಡಿಯವರೂ ಇಲ್ಲ. ಇಬ್ಬರ ಫೋಟೋಗೂ ಈ ಅಂಗಡಿಯಲ್ಲೇ ಕಟ್ಟು ಬಿದ್ದು ಎಷ್ಟೋ ಕಾಲವಾಗಿತ್ತು. ಹೊಸದು ಬರೆಸೋಣ ಎಂದು ನಾನೆಂದೆ. ಲಾಯರಮ್ಮ ತಲೆಯಾಡಿಸಿದರು. "ಇವರಿಗೆ ಮಾತಿಲ್ಲ, ಕೈ ಆಡಲ್ಲ. ಈಗ ಬರ್ಸಿದ್ರೆ ಅದು ಇವರ ಇಷ್ಟಾನೋ, ಪಕ್ಕದಲ್ಲಿದ್ದೋರ ಇಷ್ಟಾನೋ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಹಳೇದು ಗಟ್ಟಿ. ಆದ್ರೆ ಆ ಸಹಿ ಕಣ್ಣಿಗೆ ಕಾಣ್ಬೇಕು."

ಕೇಳುವವರು ಮನೆಯಲ್ಲೇ ಇದ್ದರು. ದೊಡ್ಡಪ್ಪನ ಮಗನನ್ನು ನಾವೆಲ್ಲ ದೊಡ್ಡಣ್ಣ ಎನ್ನುತ್ತೇವೆ. ಕೆಟ್ಟವನಲ್ಲ, ಆದರೆ ಖಾಲಿ ಜಾಗ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಅಂಗಡಿಯನ್ನು ಮೊಬೈಲ್ ಕವರ್ ಮಾರುವವರಿಗೆ ಬಾಡಿಗೆಗೆ ಕೊಡೋಣ, ಬಂದದ್ದರಲ್ಲಿ ಚಿಕ್ಕಪ್ಪನ ಔಷಧಿಯೂ ನಡೆಯುತ್ತದೆ ಎಂದು ಅಷ್ಟರಲ್ಲಾಗಲೇ ಎರಡು ಸಲ ನನ್ನ ಕಿವಿ ಕಚ್ಚಿದ್ದ. ಸಹಿಯ ಸುದ್ದಿ ಕೇಳಿದ್ದೇ ಓಡಿಬಂದ.

"ನಮ್ಮಪ್ಪ ಸಾಕ್ಷಿ ಹಾಕಿದ್ರಾ? ನನಗೆ ಒಂದು ಮಾತು ಹೇಳ್ದೆ? ನಮ್ಮಪ್ಪ ನನಗೆ ಹೇಳ್ದೆ ಒಂದು ಚಪ್ಪಲಿ ಕೂಡ ತಗೊಂಡೋರಲ್ಲ. ಆ ಸಹಿ ತೋರ್ಸಿ, ನಾನು ಬಾಯಿ ಮುಚ್ಕೊಂಡು ಹೋಗ್ತೀನಿ. ತೋರ್ಸಕ್ಕಾಗ್ಲಿಲ್ಲ ಅಂದ್ರೆ ಅಂಗಡಿ ವಿಷ್ಯ ಮನೆಯೋರು ಕೂತು ಮಾತಾಡೋಣ."

ಮನೆಯವರು ಅಂದರೆ ಗಾಜಕ್ಕ ಅಲ್ಲ. ಅದು ಎಲ್ಲರಿಗೂ ಅರ್ಥವಾಯಿತು, ಆಕೆಗೆ ಮೊದಲು ಅರ್ಥವಾಯಿತು. ಆ ಅಂಗಡಿ ಬಿಟ್ಟರೆ ಆಕೆಗೆ ಗೊತ್ತಿದ್ದ ಕೆಲಸ ಇಲ್ಲ, ಕೂರಲು ಜಾಗ ಇಲ್ಲ. ನನಗೆ ದೊಡ್ಡಣ್ಣನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವನಿಗೆ ಬರಬೇಕಾದ ಆ ಒಂದು ಫ್ರೇಮನ್ನೂ ತಲೆಯ ಮೇಲೆ ಕುಕ್ಕಿಬಿಡೋಣ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಬಾಗಿಲು ಅರ್ಧ ಎಳೆದು ಎಲ್ಲರೂ ಸೇರಿದೆವು. ಚಿಕ್ಕಪ್ಪ ಕುರ್ಚಿಯಲ್ಲಿ, ಎಡಗೈಯಲ್ಲಿ ಊರುಗೋಲು. ಲಾಯರಮ್ಮ, ದೊಡ್ಡಣ್ಣ, ನಾನು ಮೇಜಿನ ಸುತ್ತ. ಗಾಜಕ್ಕ ಉಯಿಲನ್ನು ಇಳಿಸಿ, ಹಿಂಬದಿಯ ಕಂದು ಕಾಗದ ಕೊಯ್ದು, ಇಕ್ಕಳದಿಂದ ಒಂದೊಂದೇ ಮೊಳೆ ಕಿತ್ತಳು. ಗಾಜು ಪಕ್ಕಕ್ಕಿಟ್ಟಳು. ಉಯಿಲು ಅಂಟಿದ ರಟ್ಟು ಬರಿದಾಗಿ ಮೇಜಿನ ಮೇಲೆ ಉಳಿಯಿತು. ಅಷ್ಟಕ್ಕೆ ಆಕೆಯ ಕೈ ನಿಂತುಹೋಯಿತು.

"ನನ್ ಕೈಲಾಗಲ್ಲ," ಎಂದಳು. "ಆವತ್ತು ಮೈದಾ ಅಂಟು ಮುಗಿದಿತ್ತು. ಇವ್ರು ಮೇಲೆ ಹೋಗಿದ್ರು. ನಾನು ಬಾಟ್ಲಿ ಗಮ್ಮಲ್ಲಿ ಅಂಟಿಸ್ಬಿಟ್ಟೆ."

ದೊಡ್ಡಣ್ಣ ಕೂಡ ಗೆದ್ದ ಮುಖ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಬಾಟ್ಲಿ ಗಮ್ಮಿನಲ್ಲಿ ಅಂಟಿದ್ದು ಬಿಡುವುದಿಲ್ಲ, ಹರಿಯುತ್ತದೆ ಎಂದು ಆ ಅಂಗಡಿಯಲ್ಲಿ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿತ್ತು.

"ಹಾಗಿದ್ರೆ ಬಿಡಿ, ಹಾಗೇ ಇರ್ಲಿ," ಎಂದರು ಲಾಯರಮ್ಮ ಮೆತ್ತಗೆ. "ಹರಿದ್ರೆ ಇರೋದೂ ಹೋಗತ್ತೆ."

ಕುರ್ಚಿಯಿಂದ ಊರುಗೋಲು ನೆಲಕ್ಕೆ ಬಡಿಯಿತು. ಹ್ಞೂ.

"ಬೇಡ ಯಜಮಾನ್ರೇ."

ಹ್ಞೂ! ಊರುಗೋಲು ನೀರಿನ ಬಟ್ಟಲನ್ನು ತೋರಿಸಿತು.

"ನನ್ನಿಂದ ಹರಿದುಹೋದ್ರೆ ನಾಳೆ ಯಾರ ಮುಖ ನೋಡ್ಲಿ ನಾನು? ಬೇಡ ಅಂದ್ರೆ ಬೇಡ."

ಚಿಕ್ಕಪ್ಪ ಮತ್ತೆ ಬಡಿದರು. ಅವರ ಮುಖದ ಸರಿಯಿದ್ದ ಅರ್ಧ ಭಾಗದಲ್ಲಿ ಏನೋ ಕುಣಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಇವರಿಗೆ ನಗು ಬರುತ್ತಿದೆಯಲ್ಲ, ತಲೆಗೂ ಏನಾದರೂ ಆಯಿತೇ ಎಂದು ನನಗೆ ಹೆದರಿಕೆಯಾಯಿತು.

ಗಾಜಕ್ಕ ಕಣ್ಣು ಒರೆಸಿಕೊಂಡು ಬ್ಲೇಡು ತೆಗೆದುಕೊಂಡಳು. ಹಾಳೆಯ ಮೂಲೆಗೆ ಅದನ್ನು ತಾಗಿಸಿದ್ದೇ ತಡ, ತುಂಡು ಹ್ಞೂ ಬಂತು. ಕೈ ತೆಗೆದಳು. ಚಿಕ್ಕಪ್ಪ ಎಡಗೈಯನ್ನು ಅಂಗಾತ ಹಿಡಿದು ಮಗುಚಿ ತೋರಿಸಿದರು.

"ಓ, ಹೌದಲ್ಲ," ಎಂದಳು ಆಕೆ. ನಮ್ಮ ಕಡೆ ತಿರುಗಿ, "ರಟ್ಟಿಂದ ಹಾಳೆ ಬಿಡಿಸ್ಬಾರ್ದು. ಹಾಳೆಯಿಂದ ರಟ್ಟು ಬಿಡಿಸ್ಬೇಕು. ನಂಗೇ ಹೇಳ್ಕೊಟ್ಟಿದ್ರು, ಭಯಕ್ಕೆ ಮರೆತುಹೋಯ್ತು," ಎಂದಳು.

ಮೇಜಿನ ಮೇಲೆ ಶುಭ್ರ ಬಟ್ಟೆ ಹಾಸಿ ಉಯಿಲನ್ನು ಬೋರಲು ಹಾಕಿದಳು. ರಟ್ಟಿನ ಬೆನ್ನಿಗೆ ಒದ್ದೆ ಬಟ್ಟೆ ಒತ್ತಿ, ನೆನೆದ ಪದರವನ್ನು ಹೀರೇಕಾಯಿಯ ಸಿಪ್ಪೆ ತೆಗೆದ ಹಾಗೆ ತೆಗೆದಳು. ಮತ್ತೆ ಒತ್ತಿದಳು, ಮತ್ತೊಂದು ಪದರ. ಬರವಣಿಗೆ ಬಾಲ್‌ಪೆನ್ನಿನದು, ಸದ್ಯ, ಶಾಯಿ ಹರಡುವ ಭಯವಿರಲಿಲ್ಲ. ಉದ್ದದ ಹ್ಞೂ ಬಂದಾಗ ಕಾದಳು, ಚಿಕ್ಕ ಹ್ಞೂ ಬಂದಾಗ ಮುಂದುವರಿದಳು. ದೊಡ್ಡಣ್ಣ ತನಗೇ ಗೊತ್ತಿಲ್ಲದೆ ನೀರಿನ ಬಟ್ಟಲು ಹಿಡಿದುಕೊಂಡು ಆಕೆಯ ಪಕ್ಕಕ್ಕೆ ಬಂದು ನಿಂತಿದ್ದ.

ರಟ್ಟಿನ ಕೊನೆಯ ಪದರ ಉಳಿಯಿತು. ಅದರ ಕೆಳಗೆ ಅಂಟು, ಅಂಟಿನ ಕೆಳಗೆ ಸಹಿ. ಗಾಜಕ್ಕ ಬಟ್ಟೆಯನ್ನು ಒತ್ತಿ ಬಹಳ ಹೊತ್ತು ಹಾಗೇ ಹಿಡಿದಳು. ಆಮೇಲೆ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು.

ಅದು ಬಂತು. ಎಲ್ಲೂ ತಡೆಯದೆ, ಮಲಗಿದ ಮಗುವಿನ ಮೇಲಿನ ಹೊದಿಕೆ ಸರಿಸಿದಷ್ಟು ಸಲೀಸಾಗಿ ಎದ್ದು ಬಂತು.

ಗಾಜಕ್ಕ ಬೆರಳಿಗೆ ಹತ್ತಿದ ಅಂಟನ್ನು ಉಜ್ಜಿ ನೋಡಿದಳು. ಮೂಸಿ ನೋಡಿದಳು. ಇನ್ನೊಮ್ಮೆ ಮೂಸಿದಳು. "ಇದು ಗಮ್ಮಲ್ಲ," ಎಂದಳು. "ಇದು ಮೈದಾ."

ಚಿಕ್ಕಪ್ಪ ಊರುಗೋಲಿನಿಂದ ಸ್ಟವ್ ಮೇಲಿನ ಅಂಟಿನ ಪಾತ್ರೆ ತೋರಿಸಿದರು. ಆಮೇಲೆ ರಟ್ಟಿನ ಚೂರುಗಳ ಹಿಂದಿದ್ದ ಬಾಟ್ಲಿ ತೋರಿಸಿದರು. ಆಮೇಲೆ ಊರುಗೋಲನ್ನು ತೊಡೆಯ ಮೇಲಿಟ್ಟು, ಎಡಗೈಯನ್ನು ಪಾತ್ರೆ ಬಗ್ಗಿಸುವ ಹಾಗೆ ಬಗ್ಗಿಸಿ, ಅದರಿಂದ ಇದಕ್ಕೆ ಸುರಿದು ತೋರಿಸಿದರು.

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಗಾಜಕ್ಕನಿಗೆ ಅದೂ ಬೇಕಾಗಲಿಲ್ಲ. ಎಂದೂ ಮುಗಿಯದ ಬಾಟ್ಲಿ! ಒಣಗಲು ನಿಧಾನವಾದ ಕಂಪನಿ ಮಾಲು! ಆಕೆ ಸಂಜೆ ಮನೆಗೆ ಹೋದ ಮೇಲೆ ಈ ಮುದುಕ ಕೂತು ಬಾಟ್ಲಿಯನ್ನು ತೊಳೆದು, ತೆಳ್ಳಗೆ ಕಾಯಿಸಿದ ಮೈದಾ ಅಂಟು ಸೋಸಿ ತುಂಬಿ, ಮತ್ತೆ ಅದೇ ರಟ್ಟಿನ ಹಿಂದೆ ಇಡುತ್ತಿದ್ದರು.

"ಹಾಗಾದ್ರೆ ಇಷ್ಟು ವರ್ಷ ಬೈದಿದ್ದು ಯಾಕೆ?" ಎಂದು ಕೂಗಿದಳು ಗಾಜಕ್ಕ. "ನಿಮ್ಮ ಅಂಟಿಗೆ ನೀವೇ ಬೈತಿದ್ರಾ? ನಾನು ಕಂಪನಿಯೋರಿಗೆ ಶಾಪ ಹಾಕಿದ್ನಲ್ಲ! ಪಾಪ, ಅವ್ರು ಏನ್ ಮಾಡಿದ್ರು!" ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾಗದು. ಚಿಕ್ಕಪ್ಪನಂತೂ ಕುರ್ಚಿ ಅಲ್ಲಾಡುವ ಹಾಗೆ ಹ್ಞೂ ಹ್ಞೂ ಎಂದು ನಗುತ್ತಿದ್ದರು. ಆಕೆಯ ಹಟವೂ ಮುರಿಯಬಾರದು, ಯಾರ ಫೋಟೋವೂ ಹರಿಯಬಾರದು, ಎರಡಕ್ಕೂ ಅವರು ಕಂಡುಕೊಂಡ ದಾರಿ ಅದು. ಆ ಗಳಿಗೆಯಲ್ಲಿ ಚಿಕ್ಕಪ್ಪನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ ಹೋಗಿ ಅವರ ಬೋಳುತಲೆಗೆ ಮುತ್ತು ಕೊಟ್ಟುಬಿಟ್ಟೆ.

ಈ ಗಲಾಟೆಯಲ್ಲಿ ನಾವು ಸಹಿಯನ್ನೇ ಮರೆತಿದ್ದೆವು. ದೊಡ್ಡಣ್ಣ ಮರೆತಿರಲಿಲ್ಲ. ಮೇಜಿನ ಮೇಲೆ ಬಗ್ಗಿ ನಿಂತಿದ್ದ. ಕಟಿಂಗ್ ಅಂಗಡಿಯವರ ಗೀಚು ಸಹಿಯ ಮೇಲೆ ದೊಡ್ಡಪ್ಪನದು, ಕೊನೆಯ ಅಕ್ಷರದ ಬಾಲವನ್ನು ಎಳೆದು ಕೆಳಗೆ ಎರಡು ಚುಕ್ಕೆ ಇಡುವ ಅದೇ ಸಹಿ. ನಮ್ಮ ಮನೆಯ ಮಕ್ಕಳೆಲ್ಲ ಪ್ರೋಗ್ರೆಸ್ ಕಾರ್ಡಿಗೆ ಕದ್ದು ಹಾಕಲು ಹೋಗಿ ಆ ಎರಡು ಚುಕ್ಕೆಗಳಿಗೇ ಸಿಕ್ಕಿಬಿದ್ದವರು.

"ಅಪ್ಪಂದೇ," ಎಂದ ದೊಡ್ಡಣ್ಣ. ಲಾಯರಮ್ಮ ಏನೋ ಹೇಳಲು ಹೋದರು, ಅವನು ಕೇಳಿಸಿಕೊಳ್ಳಲಿಲ್ಲ. "ಅಪ್ಪಂದೇ ಇದು. ನನಗೆ ಹೇಳ್ಲೇ ಇಲ್ಲ ನೋಡು." ಸಿಟ್ಟಿನ ಮಾತಲ್ಲ ಅದು. ಎಷ್ಟೋ ಕಾಲದ ಮೇಲೆ ಅಪ್ಪನಿಂದ ಒಂದು ಹೊಸ ಸಂಗತಿ ತಿಳಿದವನ ಮಾತು.

ಮೂಗು ಒರೆಸಿಕೊಂಡು, ಗಾಜಕ್ಕನ ಕಡೆ ತಿರುಗಿದ. "ಇದರ ಒಂದು ಜೆರಾಕ್ಸ್ ಮಾಡ್ಸ್ಕೊಂಡು ಬರ್ತೀನಿ. ನನಗೆ ಒಂದು ಫ್ರೇಮ್ ಬರ್ಬೇಕಲ್ಲ, ಅದಕ್ಕೆ ಇದನ್ನೇ ಹಾಕ್ಕೊಡಿ ಗಾಜಕ್ಕ."

"ಅದು ಇವರ ಕಾಲಾನಂತರ," ಎಂದರು ಲಾಯರಮ್ಮ. "ಈಗ್ಲೇ ಕೇಳೋ ಹಾಗಿಲ್ಲ."

ಕುರ್ಚಿಯಿಂದ ಹ್ಞೂ ಬಂತು. ಗಾಜಕ್ಕ ತಲೆಯಾಡಿಸಿದಳು. "ಕೊಡು ಅಂತಿದಾರೆ. ಒಯ್ಯೋವಾಗ ಒಡೆದ್ರೆ ಅಂಗಡಿ ಜವಾಬ್ದಾರಿ ಅಲ್ವಂತೆ."

ಹಾಳೆ ಒಣಗಿದ ಮೇಲೆ ಉಯಿಲಿಗೆ ಮತ್ತೆ ಕಟ್ಟು ಬಿತ್ತು. ಈ ಸಲ ರಟ್ಟು ಇಲ್ಲ, ಅಂಟು ಇಲ್ಲ. ಹಿಂದೊಂದು ಗಾಜು, ಮುಂದೊಂದು ಗಾಜು, ನಡುವೆ ಉಯಿಲು. ಗೋಡೆಗೆ ಒರಗಿಸದೆ ಛಾವಣಿಯ ಕೊಕ್ಕೆಯಿಂದ ಇಳಿಬಿಟ್ಟರು. ಈ ಕಡೆಯಿಂದ ಚಿಕ್ಕಪ್ಪನ ಮಾತು, ಆ ಕಡೆಯಿಂದ ದೊಡ್ಡಪ್ಪನ ಸಹಿ. ಫ್ಯಾನ್ ಹಾಕಿದರೆ ಮೆಲ್ಲಗೆ ತಿರುಗುತ್ತಿತ್ತು.

ಮುಂದಿನ ಚಳಿಗಾಲದಲ್ಲಿ ಚಿಕ್ಕಪ್ಪ ತೀರಿಕೊಂಡರು. ಅಂಗಡಿಯ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ದೊಡ್ಡಣ್ಣನೇ ಮುಂದೆ ನಿಂತು ಎಲ್ಲವನ್ನೂ ಗಾಜಕ್ಕನ ಹೆಸರಿಗೆ ಮಾಡಿಸಿದ. ನಾನು ನನ್ನ ಪಾಲಿನ ಫ್ರೇಮು ಹಾಕಿಸಿಕೊಳ್ಳಲು ಚಿಕ್ಕಪ್ಪನ ಫೋಟೋ ಹಿಡಿದು ಹೋದೆ. ಬಾಯಲ್ಲಿ ಮೊಳೆ ಕಚ್ಚಿಕೊಂಡು ಗಾಜಕ್ಕ ಕೆಲಸ ಮಾಡುತ್ತಿದ್ದಳು. ನನ್ನನ್ನು ಕಂಡು 'ಹ್ಞೂ' ಎಂದಳು, ಕೂತುಕೋ ಎಂದಿರಬೇಕು, ಕೂತೆ. ಸ್ಟವ್ ಮೇಲಿಂದ ಪಾತ್ರೆ ಇಳಿಸಿ, ಬಟ್ಟೆಯಲ್ಲಿ ಅಂಟು ಸೋಸಿ, ಅದೇ ಹಳೆಯ ಬಾಟ್ಲಿಗೆ ತುಂಬಿ ಮುಚ್ಚಳ ಹಾಕಿದಳು.

"ಪಾತ್ರೆಯಿಂದಾನೇ ಹಚ್ಬಹುದಲ್ಲ ಗಾಜಕ್ಕ, ಬಾಟ್ಲಿ ಯಾಕೆ?" ಎಂದೆ.

ಆಕೆ ಬಾಯಿಂದ ಮೊಳೆ ತೆಗೆದಳು. "ಕಂಪನಿ ಮಾಲು ಕಣಮ್ಮ," ಎಂದಳು, "ಮುಗಿಯೋ ಹಾಗಿಲ್ಲ."